ಓದುವಾಗಲೇ ಬದಲಾಗಿದೆ

ಅಷ್ಟೆಲ್ಲ ರಂಪಕ್ಕೆ ಕಾರಣ ಬೆರಳುದ್ದದ ಒಂದು ಫ್ಯೂಸು. ಅದೂ ಸುಟ್ಟಿರಲಿಲ್ಲ, ಸುಡಬಹುದು ಎಂದು ಎಲೆಕ್ಟ್ರಿಷಿಯನ್‌ಗೆ ಅನ್ನಿಸಿತ್ತು, ಅಷ್ಟೇ.

“ಮೇನ್ ತೆಗೀಬೇಕು,” ಎಂದ ಅವನು, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂಡ್ರೈವರಿನ ಸಂದಿಯಿಂದ. “ಟೀ ಕುಡ್ಕೊಂಡು ಬರ್ತೀನಿ. ಬಂದ ತಕ್ಷಣ ಕರೆಂಟ್ ಕಟ್. ಆಮೇಲೆ ಅಯ್ಯೋ ನಂದು, ಅಯ್ಯೋ ನಿಂದು ಅಂತ ನನ್ನ ಹತ್ರ ಬರ್ಬೇಡಿ.”

ಈ ಮಾತು ಕೇಳಿ ಎದೆ ಧಸಕ್ಕೆಂದದ್ದು ಒಬ್ಬನಿಗೆ ಮಾತ್ರ.

ಅದೊಂದು ಬೀಗದ ಕಾರ್ಖಾನೆ. ಬಾಗಿಲಿಗೆ, ಬೀರುವಿಗೆ, ಸೈಕಲ್ಲಿಗೆ, ಕಡೆಗೆ ಬಿಸ್ಕತ್ತಿನ ಡಬ್ಬಕ್ಕೂ ಹೊಂದುವ ಬೀಗ ಅಲ್ಲಿ ತಯಾರಾಗುತ್ತಿತ್ತು. ಲೋಕಕ್ಕೆಲ್ಲ ಬೀಗ ಹಾಕಿಸುವ ಆ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಮಾತ್ರ ಒಂದೇ ಒಂದು ಕಡತಕ್ಕೂ ಬೀಗವಿರಲಿಲ್ಲ. ಯಾರು ಬೇಕಾದರೂ ಯಾವುದನ್ನು ಬೇಕಾದರೂ ತೆರೆಯಬಹುದು, ತಿದ್ದಬಹುದು, ತಿದ್ದಿ ತಿದ್ದಿ ಕೆಡಿಸಬಹುದು. ಕಡತಗಳೆಲ್ಲ ಇದ್ದದ್ದು ಮೂಲೆಕೋಣೆಯ ಸರ್ವರ್ ಎಂಬ ಹಳೆಯ ಡಬ್ಬದಲ್ಲಿ. ಸರ್ವರಿಗೂ ಸೇರಿದ್ದರಿಂದ ಅದು ಸರ್ವರ್. ಯಾರೊಬ್ಬರಿಗೂ ಸೇರದ್ದರಿಂದ ಅನಾಥ. ಉಬ್ಬಸದ ಮುದುಕನ ಹಾಗೆ ಇಡೀ ದಿನ ಗೊರ್ ಗೊರ್ ಎನ್ನುತ್ತಿತ್ತು. ಒಮ್ಮೆ ಕರೆಂಟು ಹೋಗಿ ಮಲಗಿದರೆ ಮತ್ತೆ ಎದ್ದೀತೆಂಬ ಭರವಸೆ ಯಾರಿಗೂ ಇರಲಿಲ್ಲ.

ಆ ಮುದುಕನ ಆರೈಕೆಗೆ ಇದ್ದವನೇ ಎದೆ ಧಸಕ್ಕೆಂದವನು. ದಿನವೂ ಊಟದ ಹೊತ್ತಿಗೆ, ಎಲ್ಲರೂ ಕೈ ತೊಳೆಯಲು ಎದ್ದ ಮೇಲೆ, ಸರ್ವರಿನಲ್ಲಿದ್ದದ್ದನ್ನೆಲ್ಲ ಒಂದು ಪುಟ್ಟ ಡಿಸ್ಕಿಗೆ ನಕಲು ಮಾಡಿಡುವುದು ಅವನ ಕೆಲಸ. ಹೀಗೆ ಬ್ಯಾಕಪ್ ತೆಗೆದೂ ತೆಗೆದೂ ಅವನಿಗೆ ‘ಬ್ಯಾಕಪ್ಪ’ ಎಂಬ ಹೆಸರು ಬಿದ್ದಿತ್ತು. ಡಿಸ್ಕು ಇದ್ದದ್ದು ಒಂದೇ. ಎರಡನೆಯದು ಬೇಕೆಂದು ಕೇಳಿದಾಗ ಮ್ಯಾನೇಜರು, “ಒಂದು ಬಾಗಿಲಿಗೆ ಎಷ್ಟು ಬೀಗಾನಯ್ಯಾ?” ಎಂದು ಉತ್ತರವಲ್ಲದ ಉತ್ತರ ಕೊಟ್ಟು ಕಳಿಸಿದ್ದರು. ಹಾಗಾಗಿ ಇವತ್ತಿನ ನಕಲು ನಿನ್ನೆಯದರ ತಲೆಯ ಮೇಲೆಯೇ ಕೂರುತ್ತಿತ್ತು. ನಿನ್ನೆಯದು ಅಲ್ಲಿಗೆ ಮುಗಿಯಿತು.

ಬ್ಯಾಕಪ್ಪನ ಕೆಲಸ ಇನ್ನೂ ತಾತ್ಕಾಲಿಕ. ಅದನ್ನು ಖಾಯಂ ಮಾಡುವ ಆದೇಶಕ್ಕೆ ಯಜಮಾನರ ಸಹಿ ಬೀಳಬೇಕಾಗಿದ್ದದ್ದು ಅಂದು ಸಂಜೆಯೇ. ಬೀಳದಿದ್ದರೆ ಪ್ಯಾಕಿಂಗ್ ವಿಭಾಗ. ರಟ್ಟಿನ ಡಬ್ಬ ಮಡಿಚುವುದಕ್ಕೆ ಅವನ ತಕರಾರೇನೂ ಇರಲಿಲ್ಲ. ತಕರಾರಿದ್ದದ್ದು ಅಲ್ಲಿನ ಮುಖ್ಯಸ್ಥರ ಬಗ್ಗೆ. ಮುಖ್ಯಸ್ಥರು ಅವನ ಹೆಂಡತಿಯ ತಂದೆ.

ಬೀಗದ ಕಾರ್ಖಾನೆಯಲ್ಲಿ ಬೀಗತನವೂ ಬೆಳೆದದ್ದು ಹೀಗೆ. ಬ್ಯಾಕಪ್ಪ ಮನೆ ಅಳಿಯ. ಬೆಳಿಗ್ಗೆ ಪೇಪರು ಮೊದಲು ಮಾವನಿಗೆ. ಅದನ್ನು ಅವರು ಗಟ್ಟಿಯಾಗಿ ಓದುವುದರಿಂದ ಆಮೇಲೆ ಯಾರಿಗೂ ಬೇಕಾಗುತ್ತಿರಲಿಲ್ಲ. ಫ್ಯಾನು ಎಷ್ಟರಲ್ಲಿ ತಿರುಗಬೇಕು, ಅಳಿಯ ಎಷ್ಟು ಬಿಸಿ ನೀರು ಸ್ನಾನಕ್ಕೆ ಹಾಕಿಕೊಳ್ಳಬೇಕು, ತುತ್ತನ್ನು ಯಾವ ದವಡೆಯಲ್ಲಿ ಅಗಿಯಬೇಕು ಎಲ್ಲಕ್ಕೂ ಮಾವನ ಸಲಹೆಯುಂಟು. ಕಾರ್ಖಾನೆಗೆ ಬರುವುದೂ ಅವರ ಸ್ಕೂಟರಿನ ಹಿಂದೆ ಕೂತು, ಅವರ ಬೆನ್ನು ಹೇಳುವುದನ್ನು ಕೇಳುತ್ತಾ. “ಅಳಿಯ ಅನ್ನೋನು ಕನ್ನಡಕ ಇದ್ದ ಹಾಗೆ ಕಣ್ರೀ,” ಎಂದು ಮಾವ ಎಲ್ಲರೆದುರು ಹೇಳುತ್ತಿದ್ದರು. “ಕಣ್ಣೆದುರಿಗೇ ಇರ್ಬೇಕು. ಇಲ್ದಿದ್ರೆ ಎಲ್ಲಿಟ್ವಿ ಅಂತ ಹುಡುಕ್ತಾ ಇರ್ಬೇಕಾಗತ್ತೆ.” ಮೂಲೆಕೋಣೆಯಲ್ಲಿ ಎ.ಸಿ. ಇತ್ತು, ಅದರ ಗಾಳಿಗೆ ಮಾವನ ಕತ್ತು ಹಿಡಿದುಕೊಳ್ಳುತ್ತಿತ್ತು. ಭೂಮಿಯ ಮೇಲೆ ಮಾವ ಕಾಲಿಡದ ಜಾಗ ಅದೊಂದೇ. ಬ್ಯಾಕಪ್ಪ ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಎನ್ನುವುದಕ್ಕಿಂತ ಉಸಿರಾಡುತ್ತಿದ್ದ ಎನ್ನುವುದೇ ಸರಿ.

ಎಲೆಕ್ಟ್ರಿಷಿಯನ್ ಟೀ ಕುಡಿಯಲು ಹೋದದ್ದೇ ತಡ, ಬ್ಯಾಕಪ್ಪ ಓಡಿಬಂದು ಬ್ಯಾಕಪ್ ಶುರು ಮಾಡಿದ. ಪರದೆಯ ಮೇಲೆ ಕಡತಗಳ ಹೆಸರುಗಳು ಒಂದೊಂದಾಗಿ ಏರತೊಡಗಿದವು. ಅರ್ಧ ದಾರಿಯಲ್ಲಿ ಒಂದು ಹಳದಿ ಸಾಲು ಬಂತು:

‘ಸ್ವಾಗತ ಫಲಕ: ಓದುತ್ತಿರುವಾಗಲೇ ಈ ಕಡತ ಬದಲಾಗಿದೆ.’

ಆ ತಂತ್ರಾಂಶದ ಸ್ವಭಾವ ಬಹಳ ಸಾಧು. ಇಂಥ ಹೊತ್ತಿನಲ್ಲಿ ಅದು ನಿಲ್ಲುವುದಿಲ್ಲ, ಕೂಗುವುದಿಲ್ಲ. ಕೈಗೆ ಸಿಕ್ಕಷ್ಟನ್ನು ಸಿಕ್ಕ ಹಾಗೆ ನಕಲು ಮಾಡಿ, ಒಂದು ಸಾಲು ಗೊಣಗಿ, ಮುಂದಿನದಕ್ಕೆ ಹೋಗುತ್ತದೆ. ಮನೆಯಲ್ಲಿ ಬ್ಯಾಕಪ್ಪನ ಸ್ವಭಾವವೂ ಹೆಚ್ಚುಕಡಿಮೆ ಇದೇ. ಆದರೆ ಇದು ಮನೆಯಲ್ಲ. ಅವನು ಮ್ಯಾನೇಜರ ಕೋಣೆಗೆ ಹಾರಿದ.

ಮ್ಯಾನೇಜರಿಗೆ ಕಾರ್ಖಾನೆಯಲ್ಲಿ ‘ತಿದ್ದುಪಡಿ’ ಎಂದೇ ಹೆಸರು. ಇನ್ನೊಬ್ಬರು ಬರೆದದ್ದಿರಲಿ, ತಾವೇ ಬರೆದದ್ದನ್ನೂ ಇದ್ದ ಹಾಗೆ ಬಿಟ್ಟವರಲ್ಲ. ತಮ್ಮ ಸಹಿಯನ್ನೇ ತಿದ್ದಿ ಬ್ಯಾಂಕಿನವರಿಂದ ಬೈಸಿಕೊಂಡವರು. ಇವರ ಕಾಟ ತಾಳಲಾರದೆ ಯಜಮಾನರು ಒಂದು ಕಟ್ಟಪ್ಪಣೆ ಮಾಡಿಟ್ಟಿದ್ದರು: ‘ನಾನು ಸಹಿ ಹಾಕಿದ್ದು ಹಾಕಿದ್ದೇ. ಆಮೇಲೆ ಅದರಲ್ಲಿ ಒಂದು ಚುಕ್ಕೆಯನ್ನೂ ಯಾರೂ ಮುಟ್ಟಕೂಡದು.’ ಎಲ್ಲವೂ ಗಳಿಗೆಗೊಂದು ರೂಪ ತಾಳುತ್ತಿದ್ದ ಆ ಕಾರ್ಖಾನೆಯಲ್ಲಿ ಕಲ್ಲಿನಂತೆ ಇದ್ದದ್ದು ಅವರ ಸಹಿ ಬಿದ್ದ ಕಾಗದ ಮಾತ್ರ.

“ಸಾರ್, ಸ್ವಾಗತ ಫಲಕ ಮುಟ್ಟಿದ್ರಾ?”

“ಮುಟ್ಟಿದೆ. ಮಧ್ಯಾಹ್ನ ದೊಡ್ಡ ಗಿರಾಕಿ ಬರ್ತಾ ಇದಾರೆ. ಬರೀ ‘ಸುಸ್ವಾಗತ’ ಬಣಗುಟ್ತಾ ಇತ್ತು. ‘ಹಾರ್ದಿಕ’ ಸೇರಿಸ್ದೆ. ಈಗ ಅನ್ನಿಸ್ತಾ ಇದೆ, ‘ತಮಗೆ’ ಅಂತ ಒಂದು ಮುಂದೆ ಬೇಕು.”

“ಸ್ವಲ್ಪ ಹೊತ್ತು ಏನೂ ಮುಟ್ಬೇಡಿ ಸಾರ್. ಬ್ಯಾಕಪ್ ಓಡ್ತಾ ಇದೆ.”

“ಓಡ್ಲಿ. ನಾನೇನು ಅಡ್ಡ ನಿಂತಿದೀನಾ?”

ಬ್ಯಾಕಪ್ಪ ಕೈ ಜೋಡಿಸಿದ. “ಸಾರ್, ಇದು ಗ್ರೂಪ್ ಫೋಟೋ ಇದ್ದ ಹಾಗೆ. ಕ್ಯಾಮೆರಾ ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ತಿರುಗ್ತಾ ತೆಗೆಯುತ್ತೆ. ಮಧ್ಯೆ ನೀವು ಎಡದಿಂದ ಎದ್ದು ಬಲಕ್ಕೆ ಹೋಗಿ ನಿಂತ್ರೆ ಫೋಟೋದಲ್ಲಿ ಎರಡು ಕಡೆನೂ ನೀವೇ. ಮಧ್ಯದಲ್ಲಿ ನಿಂತ್ಬಿಟ್ರೆ ಮೇಲೆ ಹಳೇ ತಲೆ, ಕೆಳಗೆ ಹೊಸ ಹೊಟ್ಟೆ. ಕಡತಾನೂ ಅಷ್ಟೇ. ಅದು ಮೇಲಿನಿಂದ ಓದ್ತಾ ಬರುತ್ತೆ. ಅರ್ಧ ಓದಿದಾಗ ನೀವು ಬದಲಾಯಿಸಿದ್ರೆ ಮೇಲಿನರ್ಧ ಹಳೇದು, ಕೆಳಗಿನರ್ಧ ಹೊಸದು. ಅದಕ್ಕೇ... ದಯವಿಟ್ಟು ಕೈ ಕಟ್ಕೊಂಡು ಕೂತ್ಕೊಳ್ಳಿ ಸಾರ್.”

ಕಡೆಯ ಮಾತು ಬಾಯಿಂದ ಜಾರಿದ ಮೇಲೆ ಬ್ಯಾಕಪ್ಪನಿಗೆ ಅದರ ರುಚಿ ಗೊತ್ತಾಯಿತು.

“ಕೈ ಕಟ್ಕೊಂಡಾ?” ಮ್ಯಾನೇಜರು ಪದವನ್ನು ಬಿಡಿಸಿ ನೋಡಿದರು. “ನಾನು? ನನ್ನ ಕೋಣೇಲಿ? ನನ್ನ ಕುರ್ಚೀಲಿ? ಸಣ್ಣ ಮಕ್ಕಳ ಹಾಗೆ ಬಾಯಿ ಮೇಲೆ ಬೆರಳೂ ಇಟ್ಕೋಬೇಕಾ ಸ್ವಾಮೀ?”

ಬ್ಯಾಕಪ್ಪ ಹಿಮ್ಮುಖವಾಗಿ ಹೊರಗೆ ಬಂದ. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ, ಕೋಳಿ ಕಾಳು ಹೆಕ್ಕಿದಂತೆ, ಒಂದೇ ಬೆರಳಿನ ಟಕ್, ಟಕ್ ಶಬ್ದ ಕೇಳತೊಡಗಿತು. ಬ್ಯಾಕಪ್ಪನ ಕಿವಿಗೆ ಅದು ಬೀಳಲಿಲ್ಲ. ಅಷ್ಟರಲ್ಲಿ ಅವನು ಎರಡನೆಯ ಸಲ ಬ್ಯಾಕಪ್ ಶುರು ಮಾಡಿ, ಡ್ರಾಯಿಂಗ್ ಕೋಣೆಯ ಕಡೆ ಓಡುತ್ತಿದ್ದ.

ಅಲ್ಲಿದ್ದವಳು ಬೀಗಗಳ ನಕ್ಷೆ ಮಾಡುವ ಅಕ್ಕ. ವಯಸ್ಸಿನಲ್ಲಿ ಕಿರಿಯಳಾದರೂ ಕಾರ್ಖಾನೆಗೆಲ್ಲ ಅಕ್ಕ. ಮಧ್ಯಾಹ್ನ ಗಿರಾಕಿಗೆ ತೋರಿಸಬೇಕಾದ ಹೊಸ ಬೀಗದ ಕಡತ ಅವಳದೇ. ಮೇಲಿನರ್ಧದಲ್ಲಿ ಬೀಗದ ಒಳಗಿನ ಅಳತೆ, ಕೆಳಗಿನರ್ಧದಲ್ಲಿ ಅದರ ಕೀಲಿಯ ಅಳತೆ. ಕಡತವನ್ನು ಯಂತ್ರಕ್ಕೆ ಕೊಟ್ಟರೆ ಎರಡನ್ನೂ ಕೊರೆದು ಕೊಡುತ್ತಿತ್ತು.

“ಅಕ್ಕಾ, ಏನೂ ಮುಟ್ಬೇಡಿ!”

“ಹೆದರ್ಬೇಡ್ವೋ, ಮುಗೀತು,” ಎಂದಳು ಅಕ್ಕ, ಚೀಲ ಹೆಗಲಿಗೇರಿಸುತ್ತಾ. “ಕೀಲಿಯ ಆ ಮೂರನೇ ಹಲ್ಲು ಹೋದ ವಾರದಿಂದ ನನ್ನ ನಿದ್ದೆ ತಿಂತಾ ಇತ್ತು. ಈಗ ತಾನೆ ಕಿತ್ತೆ. ಅದಕ್ಕೆ ಹೊಂದೋ ಹಾಗೆ ಬೀಗದ ಒಳಗೂ ಬದಲಾಯಿಸಿ ಸೇವ್ ಮಾಡ್ದೆ. ಮಗಳಿಗೆ ಜ್ವರ ಅಂತ ಸ್ಕೂಲಿನಿಂದ ಫೋನು, ಹೊರಟೆ.”

“ಈಗ ತಾನೆ ಅಂದ್ರೆ... ಯಾವಾಗ?”

“ನೀನು ಮುಟ್ಬೇಡಿ ಅಂತ ಕಿರುಚಿದ್ಯಲ್ಲ, ಆವಾಗ.”

ಬ್ಯಾಕಪ್ಪ ಮೂಲೆಕೋಣೆಗೆ ವಾಪಸ್ ಧಾವಿಸಿದ. ಪರದೆಯ ಮೇಲೆ ಹಳದಿ ಸಾಲು ಕಾಯುತ್ತಿತ್ತು. ‘ಹೊಸ ಬೀಗ: ಓದುತ್ತಿರುವಾಗಲೇ ಈ ಕಡತ ಬದಲಾಗಿದೆ.’ ಅದರ ಕೆಳಗೇ ಇನ್ನೊಂದು ಹಳದಿ ಸಾಲು. ‘ಆದೇ’ ಎಂಬಷ್ಟನ್ನು ಅವನ ಕಣ್ಣು ಓದಿತ್ತು. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಟೀ ಮುಗಿಸಿ ಬಂದಿದ್ದ.

ಕತ್ತಲು. ಗೊರ್ ಗೊರ್ ಸದ್ದು ಒಮ್ಮೆ ಬಿಕ್ಕಿ ನಿಂತಿತು.

ಹೊಸ ಫ್ಯೂಸು ಹಾಕಿದ ಮೇಲೆ ಕಾರ್ಖಾನೆಯ ಎಲ್ಲ ದೀಪಗಳೂ ಹೊತ್ತಿಕೊಂಡವು. ಸರ್ವರಿನದೊಂದನ್ನು ಬಿಟ್ಟು. ಬ್ಯಾಕಪ್ಪ ಗುಂಡಿ ಒತ್ತಿದ, ತಟ್ಟಿದ, ಕಿವಿಯಿಟ್ಟು ಕೇಳಿದ, ಯಾರೂ ನೋಡುತ್ತಿಲ್ಲವೆಂದು ಸಣ್ಣಗೆ ಒದ್ದೂ ನೋಡಿದ. ಮುದುಕ ಏಳಲಿಲ್ಲ.

“ಹೋಯ್ತಾ?” ಬಾಗಿಲಲ್ಲಿ ಮ್ಯಾನೇಜರು.

“ಹೋಯ್ತು ಸಾರ್. ಡಿಸ್ಕಿನಲ್ಲಿ ನಕಲಿದೆ. ಆದ್ರೆ ಹೊಸ ಬೀಗದ ನಕಲು...”

“ಇದೆ ತಾನೆ?”

“ಇದೆ. ಮೇಲಿನರ್ಧ ಹಳೇದು, ಕೆಳಗಿನರ್ಧ ಹೊಸದು ಇರಬಹುದು.”

“ಇರಬಹುದು ಅಂದ್ರೆ ಇಲ್ಲದೇನೂ ಇರಬಹುದು. ತೆರ್ಕೊಳ್ಳುತ್ತಾ? ಹಾಗಾದ್ರೆ ಯಂತ್ರಕ್ಕೆ ಕೊಡು. ಗಿರಾಕಿ ದಾರೀಲಿದಾರೆ.”

ಅಕ್ಕನಿಗೆ ಫೋನು ಮಾಡಿದರೆ ತೆಗೆಯಲಿಲ್ಲ. ಡಿಸ್ಕನ್ನು ತೆರೆಯಲು ಅಷ್ಟೂ ಕಡತ ಹಿಡಿಸುವ ದೊಡ್ಡ ಹೊಟ್ಟೆಯ ಬೇರೊಂದು ಕಂಪ್ಯೂಟರು ಬೇಕು. ಅಂಥದ್ದು ಇದ್ದದ್ದು ಒಂದೇ ಕಡೆ, ಪ್ಯಾಕಿಂಗ್ ವಿಭಾಗದಲ್ಲಿ. ಮಾವ ಅದರಲ್ಲಿ ಇಸ್ಪೀಟು ಆಡುತ್ತಿದ್ದರು.

“ಬಾ ಅಳಿಯಾ, ಬಾ!” ರಟ್ಟಿನ ಬೆಟ್ಟದ ನಡುವಿನಿಂದ ಮಾವನ ತಲೆ ಎದ್ದಿತು. ಸೊಂಟದಲ್ಲಿ ಕೀಲಿಗೊಂಚಲು ಝಲ್ಲೆಂದಿತು. ಕಾರ್ಖಾನೆಯಲ್ಲಿ ಹುಟ್ಟಿದ ಪ್ರತಿ ಮಾದರಿಯ ಬೀಗವೂ ಡಬ್ಬದ ಅಳತೆಗೆಂದು ಮೊದಲು ಅವರ ಬಳಿ ಬರುತ್ತಿತ್ತು. ಬೀಗ ವಾಪಸ್ ಹೋದರೂ ಕೀಲಿ ಹೋಗುತ್ತಿರಲಿಲ್ಲ. “ನಿನ್ನ ಮುಖ ನೋಡಿದ್ರೆ ಬೆಳಿಗ್ಗೆ ನಾನು ಹೇಳಿದ ಹಾಗೆ ಅಗಿದು ತಿಂದಿಲ್ಲ. ಅಜೀರ್ಣ.”

“ಮಾವಾ, ಕಂಪ್ಯೂಟರ್ ಬೇಕಿತ್ತು.”

“ತಗೋ. ಕಂಪ್ಯೂಟರ್ ಜೊತೆಗೆ ನೀನೂ ಇಲ್ಲೇ ಇದ್ಬಿಡು. ಎಷ್ಟೊಂದು ಜಾಗ ಇದೆ ನೋಡು.” ಅವರು ತಮ್ಮ ಪಕ್ಕದ ಸ್ಟೂಲಿನ ಧೂಳನ್ನು ಪ್ರೀತಿಯಿಂದ ಒರೆಸಿದರು. “ಅಳಿಯ ಅಲ್ಲ, ಮಗಳ ಗಂಡ ಅಂತಾರೆ. ನನಗೆ ನೀನು ಎರಡೂ ಹೌದು. ಆ ಇಸ್ಪೀಟು ಆಟ ಮಾತ್ರ ಅಳಿಸ್ಬೇಡ, ಗೆಲ್ತಾ ಇದೀನಿ.”

ಬ್ಯಾಕಪ್ಪ ಡಿಸ್ಕು ಸಿಕ್ಕಿಸಿ ಕಡತಗಳನ್ನೆಲ್ಲ ಇಳಿಸಿದ. ಯಂತ್ರ ಕಿರ್ರೆಂದು ಹೊಸ ಬೀಗವನ್ನೂ ಕೀಲಿಯನ್ನೂ ಕೊರೆಯಿತು. ಪರೀಕ್ಷಿಸಿ ನೋಡಲು ಅವನು ಕೈ ಚಾಚುವಷ್ಟರಲ್ಲಿ ಮ್ಯಾನೇಜರು ಎರಡನ್ನೂ ಮಖಮಲ್ಲಿನ ತಟ್ಟೆಯಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಗಿರಾಕಿ ಬಂದಾಗಿತ್ತು.

ದೊಡ್ಡ ಗಿರಾಕಿ ನೋಡಲು ಪುಟ್ಟ ಮನುಷ್ಯ. ಊರೂರಿನಲ್ಲಿ ಅಂಗಡಿಗಳಿದ್ದ ಅವರನ್ನು ಕೂರಿಸಿದರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಯಜಮಾನರು ಪಕ್ಕದಲ್ಲಿ ನಿಂತು ಬೀಗದ ಗುಣಗಾನ ಮಾಡುತ್ತಿದ್ದಂತೆ ಗಿರಾಕಿಗೆ ಉತ್ಸಾಹ ಬಂತು. “ಮಾತು ಯಾಕೆ, ಹಾಕೇ ನೋಡೋಣ,” ಎಂದು ಬೀಗವನ್ನೆತ್ತಿ ತಮ್ಮದೇ ಸೂಟ್‌ಕೇಸಿನ ಕೊಂಡಿಗೆ ಸಿಕ್ಕಿಸಿ ಒತ್ತಿದರು. ಟಕ್.

“ಆಹಾ! ಸದ್ದೇ ಹೇಳ್ತಾ ಇದೆ. ಈಗ ಕೀಲಿ.”

ಕೀಲಿ ಒಳಗೆ ಹೋಯಿತು. ತಿರುಗಲಿಲ್ಲ. ಬಲಕ್ಕಿಲ್ಲ, ಎಡಕ್ಕಿಲ್ಲ. ಗಿರಾಕಿ ತಿರುಗಿಸಿದರು, ಯಜಮಾನರು ತಿರುಗಿಸಿದರು, ಮ್ಯಾನೇಜರು ಕೀಲಿಯ ಜೊತೆ ತಾವೂ ತಿರುಗಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಬ್ಯಾಕಪ್ಪನಿಗೆ ಎಲ್ಲ ಅರ್ಥವಾಗಿಹೋಯಿತು. ಬೀಗ ಹೋದ ವಾರದ್ದು, ಕೀಲಿ ಇವತ್ತಿನದು. ಹಳೇ ತಲೆ, ಹೊಸ ಹೊಟ್ಟೆ.

“ಅದರಲ್ಲಿ ನನ್ನ ಮಾತ್ರೆ ಇದೆ!” ಗಿರಾಕಿಯ ದನಿ ಕೀರಲಾಯಿತು. “ವಾಪಸ್ ಹೋಗೋ ಟಿಕೆಟ್ ಇದೆ!”

ಯಜಮಾನರ ಕಣ್ಣು ಮ್ಯಾನೇಜರ ಮೇಲೆ ಬಿತ್ತು. ಮ್ಯಾನೇಜರ ಬೆರಳು, ಕಾಳು ಹೆಕ್ಕುತ್ತಿದ್ದ ಅದೇ ಬೆರಳು, ಬ್ಯಾಕಪ್ಪನನ್ನು ತೋರಿಸಿತು. “ಎಲ್ಲಾ ಇವನದ್ದೇ ಸಾರ್. ಪೂರ್ತಿ ಇವನದ್ದೇ. ನಂದೇನೂ ಇಲ್ಲ.”

ಆಗ ಝಲ್ಲೆಂದು ಕೀಲಿಗೊಂಚಲಿನ ಸದ್ದಾಯಿತು. ಗಲಾಟೆಯ ವಾಸನೆ ಹಿಡಿದು ಮಾವ ಬಂದಿದ್ದರು. “ಸರಿಯಿರಿ, ಸರಿಯಿರಿ. ಇದೇ ಬೀಗ ಹೋದ ವಾರ ನನ್ನ ಹತ್ರ ಡಬ್ಬದ ಅಳತೆಗೆ ಬಂದಿತ್ತಲ್ಲ. ಹಿರಿಯರನ್ನೂ ಕೀಲಿಗಳನ್ನೂ ಬಿಸಾಡಬಾರದು ಅಂತ ಇದಕ್ಕೇ ನಾನು ಬಡ್ಕೊಳ್ಳೋದು.” ಗೊಂಚಲಿನಿಂದ ಒಂದನ್ನು ಆರಿಸಿ ತೂರಿಸಿದರು. ಬೀಗ ಬೆಣ್ಣೆಯಂತೆ ತೆರೆದುಕೊಂಡಿತು.

ಗಿರಾಕಿ ಬೀಗವನ್ನು ನೋಡಿದರು, ಒಂದು ಕೀಲಿಯನ್ನು ನೋಡಿದರು, ಇನ್ನೊಂದನ್ನು ನೋಡಿದರು. ಮುಖ ಅರಳಿತು.

“ಓಹೋಹೋ! ಈಗ ಗೊತ್ತಾಯ್ತು! ತೋರ್ಸೋಕೊಂದು, ತೆಗೆಯೋಕೊಂದು! ಗೋಡೆಗೆ ತೂಗುಹಾಕಿರೋ ಕೀಲಿ ಕದ್ದು ಕಳ್ಳ ಬೆಳಗಿನತನಕ ತಿರುಗಿಸ್ತಾ ಕೂತಿರ್ಬೇಕು! ಏನು ತಲೆ ರೀ ಯಾರದ್ದೋ! ನನ್ನ ಅಷ್ಟೂ ಅಂಗಡಿಗೆ ಇದೇ ಬೇಕು.”

ಯಜಮಾನರು ಮ್ಯಾನೇಜರ ಕಡೆ ತಿರುಗಿದರು. “ಯಾರದ್ದು ಅಂದ್ರಿ?”

ಮ್ಯಾನೇಜರ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಮೆಲ್ಲಗೆ ತಮ್ಮ ಎದೆಯ ಕಡೆ ಬಾಗಿಸಲು ನೋಡಿದರು. ತಡವಾಗಿತ್ತು. ಪೂರ್ತಿ ಇವನದ್ದೇ, ನಂದೇನೂ ಇಲ್ಲ ಎಂದದ್ದನ್ನು ಎಲ್ಲರೂ ಕೇಳಿದ್ದರು.

“ಶಭಾಷ್!” ಯಜಮಾನರು ಬ್ಯಾಕಪ್ಪನ ಬೆನ್ನು ತಟ್ಟಿದರು. “ಸಂಜೆ ತನಕ ಯಾಕೆ? ನಾನು ಇವರ ಜೊತೆ ಈಗಲೇ ಹೊರಡ್ತೀನಿ. ಇವನ ಆದೇಶ ಎಲ್ಲಿ? ತನ್ನಿ, ಇಲ್ಲೇ ಸಹಿ ಹಾಕ್ತೀನಿ.”

ಮ್ಯಾನೇಜರು ಪ್ಯಾಕಿಂಗ್ ವಿಭಾಗದ ಕಂಪ್ಯೂಟರಿಗೆ ಓಡಿದರು. ಹೊರಗೆ ಕಾರು ಹಾರ್ನ್ ಹಾಕುತ್ತಿತ್ತು. ಕಡತ ತೆರೆದು ಮೊದಲ ಸಾಲು ನೋಡಿ, “ಅಬ್ಬಾ, ಹಳೇದೇ ಇದೆ!” ಎಂದು ಎದೆ ನೀವಿಕೊಂಡು, ಪ್ರಿಂಟ್ ಒತ್ತಿ, ಬಿಸಿಬಿಸಿ ಕಾಗದ ಹಿಡಿದು ಬಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಒಂದು ಕಾಗದವನ್ನು ತಿದ್ದದೆ ಬಿಟ್ಟಿದ್ದರು. ಯಜಮಾನರು ಸೂಟ್‌ಕೇಸಿನ ಮೇಲೇ ಇಟ್ಟು ಸಹಿ ಜಡಿದು, ಬ್ಯಾಕಪ್ಪನ ಕೈಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಎಲ್ಲರಿಗಿಂತ ಜೋರಾಗಿ.

ಬ್ಯಾಕಪ್ಪ ನಗುನಗುತ್ತಾ ಓದತೊಡಗಿದ. ಮುಖಕ್ಕೆ ಮೂಲೆಕೋಣೆಯ ತಣ್ಣನೆ ಗಾಳಿ ಸುಳಿದಂತಾಯಿತು.

‘ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿರುವ ನೌಕರರನ್ನು ಇಂದಿನಿಂದ ಖಾಯಂ ಆಗಿ’ ಎಂದಿತ್ತು ಮೇಲೆ.

‘ಪ್ಯಾಕಿಂಗ್ ವಿಭಾಗಕ್ಕೆ ಕಳುಹಿಸಲಾಗಿದೆ. ಅಲ್ಲಿನ ಮುಖ್ಯಸ್ಥರು ಹೇಳಿದಂತೆ ಕೇಳಿಕೊಂಡಿರತಕ್ಕದ್ದು’ ಎಂದಿತ್ತು ಕೆಳಗೆ.

ಮ್ಯಾನೇಜರು ಅವನ ಹೆಗಲ ಮೇಲಿಂದ ಇಣುಕಿದರು. ಅವರ ಮುಖ ಬ್ಯಾಕಪ್ ಪರದೆಯ ಸಾಲಿನಷ್ಟೇ ಹಳದಿಯಾಯಿತು. “ಅಯ್ಯಯ್ಯೋ,” ಎಂದರು ಪಿಸುದನಿಯಲ್ಲಿ. “ಬೆಳಿಗ್ಗೆ ನೀನು ಕೈ ಕಟ್ಕೊಳ್ಳಿ ಅಂದ್ಯಲ್ಲ, ಆ ಸಿಟ್ಟಿಗೆ ಬದಲಾಯಿಸಿದ್ದೆ ಕಣಯ್ಯಾ. ‘ಒಂದು ವಾರದ ಮಟ್ಟಿಗೆ ಪ್ಯಾಕಿಂಗ್ ವಿಭಾಗಕ್ಕೆ’ ಅಂತ. ಬುದ್ಧಿ ಬರ್ಲಿ ಅಂತ, ಬರೀ ಒಂದೇ ವಾರ! ಆ ‘ಒಂದು ವಾರ’ ಮೇಲಿನರ್ಧದಲ್ಲಿತ್ತು...”

“ಮೇಲಿನರ್ಧ ಹಳೇದು,” ಎಂದ ಬ್ಯಾಕಪ್ಪ, ಬೇರೆ ಯಾರದ್ದೋ ದನಿಯಲ್ಲಿ.

“ಸಾರ್!” ಮ್ಯಾನೇಜರು ಕಾರಿನ ಹಿಂದೆ ಓಡಿದರು. “ಒಂದೇ ಒಂದು ಸಣ್ಣ ತಿದ್ದುಪಡಿ!”

ಆ ಪದ ಕಿವಿಗೆ ಬಿದ್ದದ್ದೇ ಯಜಮಾನರು ಗಾಜು ಏರಿಸಿದರು. ಏರುತ್ತಿದ್ದ ಗಾಜಿನ ಸಂದಿಯಿಂದ ಅವರ ಮಾತು ತೂರಿ ಬಂತು: “ಸಹಿ ಹಾಕಿದ್ದು ಹಾಕಿದ್ದೇ!”

ಮಾವ ಅಳಿಯನ ಕೈಯಿಂದ ಕಾಗದ ತೆಗೆದುಕೊಂಡು, ಬೆಳಗಿನ ಪೇಪರಿನಂತೆ, ಇಡೀ ಕಾರ್ಖಾನೆಗೆ ಕೇಳುವ ಹಾಗೆ ಓದಿದರು. ಕಡೆಯ ಸಾಲನ್ನು ಎರಡು ಸಲ ಓದಿದರು. ಕಣ್ಣು ತುಂಬಿ ಬಂತು. ಅಳಿಯನನ್ನು ಬಾಚಿ ತಬ್ಬಿಕೊಂಡಾಗ ಕೀಲಿಗೊಂಚಲು ಅವನ ಪಕ್ಕೆಗೆ ಚುಚ್ಚಿತು.

“ನನ್ನ ಹತ್ರ ಬರೋಕೆ ನೀನೇ ಕೇಳ್ಕೊಂಡ್ಯಾ? ಬಾಯಿ ಬಿಟ್ಟು ಹೇಳ್ಬಾರದಿತ್ತಾ ಹುಚ್ಚಪ್ಪಾ! ಅರೆ, ಇದೇನಿದು? ಓದೋಕೆ ಶುರು ಮಾಡ್ದಾಗ ಅಷ್ಟು ನಗ್ತಾ ಇದ್ದೆ. ಓದ್ತಾ ಇರೋವಾಗಲೇ ಮುಖ ಬದಲಾಗೋಯ್ತಲ್ಲ! ಸಂತೋಷಕ್ಕೆ ಹಾಗೆ ಆಗುತ್ತೆ, ಆಗ್ಲಿ. ಬಾ, ಸ್ಟೂಲು ಒರೆಸಿಟ್ಟಿದೀನಿ. ಹೊಸ ಬೀಗಕ್ಕೆ ಡಬ್ಬ ಮಡಿಚ್ಬೇಕು. ಹಾಗಲ್ಲ, ಎಡಗೈ ಮೇಲೆ. ನಾನು ಹೇಳ್ಕೊಡ್ತೀನಿ.”

ಬ್ಯಾಕಪ್ಪ ನಿಲ್ಲಲಿಲ್ಲ, ಕೂಗಲಿಲ್ಲ. ಕೈಗೆ ಸಿಕ್ಕ ರಟ್ಟನ್ನು ಸಿಕ್ಕ ಹಾಗೆ ಮಡಿಚಿ, ಒಂದು ಸಾಲು ಗೊಣಗಿ, ಮುಂದಿನದನ್ನು ಎತ್ತಿಕೊಂಡ.